ಮೊದಲು ಯಾರಿಗೆ ಬಂತು

ಮೈಸೂರು
25 ಸೆಪ್ಟೆಂಬರ್ 2021, ಶನಿವಾರ

ಪ್ರೀತಿಯ ಅಮ್ಮನಿಗೆ,

ತಾತ ಕಲಿಸಿದ ಪ್ರಕಾರ ಕಾಗದದಲ್ಲಿ ಮೊದಲು ನಮ್ಮ ಕ್ಷೇಮ ಬರೆಯಬೇಕು, ಆಮೇಲೆ ಮನೆಯವರ ಕ್ಷೇಮ ಕೇಳಬೇಕು, ಆಮೇಲೆ ವಿಷಯಕ್ಕೆ ಬರಬೇಕು. ನನ್ನ ಕ್ಷೇಮದ ಸಾಲನ್ನು ಈ ಸಲ ಬಿಡುತ್ತಿದ್ದೇನೆ. ನೀವು ಹೇಗಿದ್ದೀರಿ? ನಿನ್ನ ಮಗ ಆಕರ್ಷ್ ಹಾಕಿದ ಫೋಟೋದಲ್ಲಿ ತಾತ ಸೊರಗಿದ ಹಾಗೆ ಕಂಡರು. ಅವರು ಸಾಯಂಕಾಲದ ಬಿಪಿ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದ ಮೇಲೆ ಉಗುಳಿಬಿಡುತ್ತಾರೆ, ಎದುರಿಗೆ ನಿಂತು ನುಂಗಿಸು. ಅಜ್ಜಿ ಹಾಗೇ ಮಾಡುತ್ತಿದ್ದಳು.

ಫೋನ್ ಇರುವಾಗ ಇವಳಿಗೆ ಕಾಗದದ ಹುಚ್ಚು ಯಾಕೆ ಬಂತು ಎಂದುಕೊಳ್ಳುತ್ತೀಯ. ವಾಟ್ಸಾಪ್ ಮಾಡೋಣವೆಂದರೆ ನಿನ್ನ ಫೋನ್ ಅರ್ಧ ದಿನ ಆಕರ್ಷ್ ಕೈಯಲ್ಲಿರುತ್ತದೆ. ಮಾತಾಡೋಣವೆಂದರೆ ನಾನು ಅಳಲು ಶುರು ಮಾಡುತ್ತೇನೆ, ನೀನು ‘ಒಲೆ ಮೇಲೆ ಸಾರಿದೆ, ಆಮೇಲೆ ಮಾಡ್ತೀನಿ’ ಎಂದು ಇಟ್ಟುಬಿಡುತ್ತೀಯ. ಆಮೇಲೆ ಮಾಡುವುದಿಲ್ಲ. ಕಾಗದವನ್ನು ಹಾಗೆ ಮಧ್ಯದಲ್ಲಿ ಕಟ್ ಮಾಡಲು ಆಗುವುದಿಲ್ಲ.

ನನ್ನ ಕನ್ನಡ ನೋಡಿ ನಗಬೇಡ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬಿಟ್ಟಿದ್ದು ನೀನೇ. ಒಂದು ಇಂಗ್ಲಿಷ್ ಪದಕ್ಕೆ ಸರಿಯಾದ ಕನ್ನಡ ಹುಡುಕುತ್ತಾ ಬೆಳಗಿನಿಂದ ಕೂತಿದ್ದೇನೆ. ಮೋಸ ಎಂದು ಬರೆದೆ. ತರಕಾರಿ ತೂಕದಲ್ಲಿ ಮಾಡುವುದರ ಹಾಗೆ ಕಂಡಿತು, ಹೊಡೆದುಹಾಕಿದೆ. ಪದ ಸಿಗದಿದ್ದರೆ ಹೋಗಲಿ, ಆದದ್ದನ್ನು ಬರೆಯುತ್ತೇನೆ, ಅದಕ್ಕೆ ಹೆಸರನ್ನು ನೀನೇ ಇಡು.

ಸ್ಕೂಲಿನ ಹಾಸ್ಟೆಲಿನಿಂದ ನಾನು ಬರೆಯುತ್ತಿದ್ದ ಕಾಗದಗಳು ನೆನಪಿವೆಯಾ? ಅಲ್ಲಿ ಫೋನ್ ಕೊಡುತ್ತಿರಲಿಲ್ಲವಲ್ಲ. ತಾತ ಹನ್ನೊಂದು ಗಂಟೆಗೆಲ್ಲ ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು ಪೋಸ್ಟ್‌ಮ್ಯಾನ್ ದಾರಿ ಕಾಯುವುದು, ಬಂದ ಕವರನ್ನು ಅಲ್ಲೇ ಒಡೆದು ಊರಿಗೆಲ್ಲ ಕೇಳುವ ಹಾಗೆ ಓದುವುದು. ಅಜ್ಜಿಗೆ ಓದು ಬರುತ್ತಿರಲಿಲ್ಲ ಎಂದು ಶುರುವಾದ ಅಭ್ಯಾಸ, ಆಮೇಲೆ ಮನೆಯ ಕಾನೂನೇ ಆಯಿತು. ಕರೆಂಟ್ ಬಿಲ್ಲು ಬಂದರೂ ಓದುತ್ತಿದ್ದರು. ಒಂದು ಸಲ ಯಾವುದೋ ಇನ್ಶೂರೆನ್ಸ್ ಕಂಪನಿಯ ಕಾಗದ ಬಂದಾಗ ಷರತ್ತುಗಳನ್ನೂ ಬಿಡದೆ ಓದಿದರು, ಅಜ್ಜಿ ಕಂಬಕ್ಕೆ ಒರಗಿ ಗೊರಕೆ ಹೊಡೆಯುತ್ತಿದ್ದಳು, ಇವರು ಮಾತ್ರ ನಿಲ್ಲಿಸಲಿಲ್ಲ. ಜಾಲಹಳ್ಳಿ ಫ್ಯಾಕ್ಟರಿಯ ಟೈಮ್ ಆಫೀಸಿನಲ್ಲಿ ಮೂವತ್ತು ವರ್ಷ ಕೂತವರು, ಹಿಡಿದ ಹಾಳೆಯನ್ನು ಅರ್ಧಕ್ಕೆ ಬಿಟ್ಟು ಗೊತ್ತಿಲ್ಲ.

ಏಳನೇ ಕ್ಲಾಸಿನಲ್ಲಿ ನಾನು ದೊಡ್ಡವಳಾದಾಗ ‘ಇದು ಅಮ್ಮನಿಗೆ ಮಾತ್ರ’ ಎಂದು ಕೆಳಗೆ ಗೆರೆ ಎಳೆದು ಬರೆದಿದ್ದೆ. ತಾತ ಆ ಗೆರೆಯನ್ನೂ ದಾಟಿ ಓದಿಬಿಟ್ಟರಂತೆ. ಅಜ್ಜಿ ಪೊರಕೆ ಎತ್ತಿಕೊಂಡು ಬಂದು ‘ಅಯ್ಯೋ ನಿನ್ ಬಾಯ್ಗೆ ಮಣ್ಣಾಕ, ಎಣ್ ಮಗೀನ್ ಇಸ್ಯ ಬೀದೀಲ್ ಓದ್ತೀಯಾ’ ಎಂದು ಅಟ್ಟಿಸಿದಳಂತೆ. ಆವತ್ತಿನಿಂದ ಹೊಸ ಕಾನೂನು. ತಾತನ ಹೆಸರಿಗೆ ಬಂದದ್ದು ಎಲ್ಲರಿಗೂ, ನಿನ್ನ ಹೆಸರಿಗೆ ಬಂದದ್ದನ್ನು ಮಾತ್ರ ಒಡೆಯದೆ ನಿನ್ನ ಕೈಗೆ ಕೊಡುವುದು. ಈ ಕಥೆಯನ್ನು ನೀನು ಹೇಳಿದಾಗಲೆಲ್ಲ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಇರಲಿ. ವಿಷಯಕ್ಕೆ ಬರುತ್ತೇನೆ. ನನಗೆ ಸುತ್ತಿ ಬಳಸಿ ಬರೆಯುವ ಚಟ, ಟೆನ್ಶನ್ ಆದರೆ ಇನ್ನೂ ಜಾಸ್ತಿ.

ಹೋದ ಭಾನುವಾರ ನೀನು ಫೋನ್ ಮಾಡಿದೆ. ಮಹಾಲಯ ಅಮಾವಾಸ್ಯೆ ಅಕ್ಟೋಬರ್ ಆರು, ಬುಧವಾರ ಬಿದ್ದಿದೆ, ಅಜ್ಜಿಗೆ ಮೊದಲನೇ ಸಲ ಎಡೆ ಇಡುವುದು, ಬಾ ಎಂದೆ. ನನಗೆ ಎಷ್ಟು ಖುಷಿಯಾಯಿತು ಗೊತ್ತಾ. ಆಮೇಲೆ ನಿನ್ನ ಧ್ವನಿ ಸಣ್ಣದಾಯಿತು. ‘ನೋಡವ್ವಾ, ದೊಡ್ಡಪ್ಪನ ಮನೇವ್ರೆಲ್ಲ ಬರ್ತಾರೆ. ನೀನು ಬಂದು ಮಹಡಿ ಮೇಲಿನ ರೂಮಲ್ಲೇ ಇದ್ಬಿಡು. ಎಡೆ ಇಡೋವಾಗ ಕೆಳಗೆ ಇಳೀಬೇಡ. ತಾತಂಗೆ ಬೇಜಾರಾಗುತ್ತೆ. ಎಲ್ಲಾ ಹೋದ್ಮೇಲೆ ಬಂದು ಕೈ ಮುಗಿಯುವಂತೆ’ ಎಂದೆ. ನಾನು ಆಯ್ತಮ್ಮ ಎಂದೆ. ಫೋನ್ ಇಟ್ಟ ಮೇಲೂ ಆಯ್ತಮ್ಮ, ಆಯ್ತಮ್ಮ ಎಂದು ಹೇಳಿಕೊಳ್ಳುತ್ತಲೇ ಇದ್ದೆ. ಯಾಕೆಂದರೆ ಭಾನುವಾರದವರೆಗೆ ಅದು ಸರಿಯೆಂದೇ ನನಗೂ ಅನ್ನಿಸಿತ್ತು. ಅಜ್ಜಿಯನ್ನು ಕೊಂದವಳು ಅಜ್ಜಿಯ ಎಡೆಯ ಮುಂದೆ ಹೇಗೆ ಕೂರುತ್ತಾಳೆ?

ಈಗ ಏಪ್ರಿಲ್‌ಗೆ ಹೋಗೋಣ. ನೀನೂ ಬಾ ಅಮ್ಮ, ಜೊತೆಯಲ್ಲೇ ನೋಡೋಣ.

ಆ ಮಂಗಳವಾರ ರಾತ್ರಿಯಿಂದ ಲಾಕ್‌ಡೌನ್ ಎಂದು ಹಾಸ್ಟೆಲ್ ಖಾಲಿ ಮಾಡಿಸಿದರು. ಕಾಲೇಜು ಸೇರಿ ಇನ್ನೂ ಎಲ್ಲರ ಹೆಸರು ಸಹ ಕಲಿತಿರಲಿಲ್ಲ, ಮತ್ತೆ ಮನೆ. ಎರಡು ಮಾಸ್ಕ್ ಹಾಕಿಕೊಂಡು, ಬಸ್ಸಿನಲ್ಲಿ ನೀರು ಕೂಡ ಕುಡಿಯದೆ ಬಂದೆ. ಬ್ಯಾಟರಾಯನಪುರದ ನಮ್ಮ ರಸ್ತೆಗೆ ಆಟೋ ತಿರುಗಿದಾಗ ಎದುರು ಮನೆಯ ಕಾಶವ್ವ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ತಾತ ಕುರ್ಚಿಯಿಂದಲೇ ‘ಮಗಾ, ಗೇಟ್ ಆಚೇನೇ ನಿಂತ್ಕ, ನಿಮ್ಮಜ್ಜಿ ಏನೋ ರೆಡಿ ಮಾಡವ್ಳೆ’ ಎಂದರು.

ಅಜ್ಜಿ ಬಂದಳು. ಬಚ್ಚಲ ಒಲೆಯ ಕೆಂಡವನ್ನು ಹಳೇ ಬಾಣಲೆಯಲ್ಲಿ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ಉಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ. ನನಗೆ ಮೂರು ಸುತ್ತು ನಿವಾಳಿಸಿ ಕೆಂಡಕ್ಕೆ ಹಾಕಿದಳು. ಇದು ನಮ್ಮ ಮನೆಯ ಕಾಮಿಡಿ ಅಲ್ವಾ? ಮೆಣಸಿನಕಾಯಿ ಸುಟ್ಟರೂ ಘಾಟು ಬರದಿದ್ದರೆ ದೃಷ್ಟಿ ಜೋರಾಗಿತ್ತು ಎಂದು ಲೆಕ್ಕ. ನಶ್ಯ ಏರಿಸಿ ಏರಿಸಿ ಅಜ್ಜಿಯ ಮೂಗು ಯಾವಾಗಲೋ ಕೆಲಸ ಬಿಟ್ಟಿತ್ತು. ಅದಕ್ಕೆ ‘ಘಾಟ್ ಬಂತಾ?’ ಎಂದು ನಮ್ಮನ್ನು ಕೇಳುತ್ತಿದ್ದಳು. ನಾವು ಕಣ್ಣಲ್ಲಿ ನೀರು ಸುರಿಸಿಕೊಂಡು, ಕೆಮ್ಮುತ್ತಾ, ‘ಇಲ್ಲಜ್ಜಿ, ಏನೇನೂ ಘಾಟಿಲ್ಲ’ ಎನ್ನುವುದು. ಅವಳು ಗೆದ್ದವಳ ಹಾಗೆ ನೋಡುವುದು. ಅವಳ ಖುಷಿಗೆ ಮನೆಮಂದಿಯೆಲ್ಲ ಹೇಳುತ್ತಿದ್ದ ಸುಳ್ಳು ಅದೊಂದೇ ಎಂದುಕೊಂಡಿದ್ದೆ.

ಆವತ್ತು ತಾತ ಟವೆಲ್‌ನಲ್ಲಿ ಮೂಗು ಮುಚ್ಚಿಕೊಂಡರು. ಕಾಶವ್ವ ‘ಏನ್ ಮುನಿಕೆಂಪಮ್ನೋರೇ, ಕೊರೋನಾನೂ ಓಡೋಗ್ಬೇಕು ಅಂಗ್ ಹಾಕಿದ್ದೀರಾ’ ಎಂದು ಬಯ್ಯುತ್ತಾ ಕಿಟಕಿ ಬಡಿದುಕೊಂಡರು. ಆಗ ಆಕರ್ಷ್ ಮಹಡಿಯ ಕಂಬಿ ಹಿಡಿದು ಬಗ್ಗಿ ಕೇಳಿದ: ‘ಅಜ್ಜೀ, ಮೆಣಸಿನಕಾಯಿ ಇನ್ನೂ ಹಾಕಿಲ್ವಾ? ವಾಸ್ನೇನೇ ಇಲ್ಲ.’

ಎಲ್ಲರೂ ನಕ್ಕರು. ನಾನೂ ಮಾಸ್ಕಿನೊಳಗೆ ನಕ್ಕೆ. ಅಜ್ಜಿ ‘ನೋಡ್ದಾ, ಮೇಲಿರೋನ್ಗೇ ಬಂದಿಲ್ಲ, ಎಷ್ಟ್ ದೃಷ್ಟಿ ಆಗಿತ್ತು ಮಗೀಗೆ’ ಎಂದು ನನ್ನ ಕೆನ್ನೆ ಸವರಿ ತನ್ನ ಹಣೆಯ ಪಕ್ಕ ನೆಟಿಗೆ ಮುರಿದಳು. ಆ ಬಿಸಿಲಿನಲ್ಲಿ ಅವಳು ಶಾಲು ಹೊದ್ದಿದ್ದಳು ಅಮ್ಮ. ಕೈ ಬಿಸಿಯಾಗಿತ್ತು. ಕೆಂಡ ಹಿಡಿದಿದ್ದರಿಂದ ಎಂದುಕೊಂಡೆ.

ನೀನೊಬ್ಬಳು ಮಾತ್ರ ನಗಲಿಲ್ಲ. ಮೇಲೆ ನೋಡಿ ‘ಹೋಗೋ ಒಳಗೆ, ನಿನ್ ಡ್ಯೂಟಿ ಟೈಮಾಯ್ತು’ ಎಂದೆ. ನನಗೆ ಆ ಮುಖ ಈಗ ನೆನಪಾಗುತ್ತಿದೆ. ಆವತ್ತು ನೆನಪಿಟ್ಟುಕೊಳ್ಳುವಂಥದ್ದು ಎಂದು ಅನ್ನಿಸಿರಲಿಲ್ಲ.

ಆಮೇಲೆ ನನ್ನನ್ನು ಹಿಂದಿನ ರೂಮಿನಲ್ಲಿ ಹಾಕಿದೆ. ಒಂದು ವಾರ ಯಾರನ್ನೂ ಮುಟ್ಟುವುದು ಬೇಡ, ಸೇಫ್ಟಿಗೆ ಎಂದೆ. ನಾನೇ ಅದನ್ನು ಕೇಳಿದ್ದೆ ಕೂಡ. ತಟ್ಟೆಯನ್ನು ಬಾಗಿಲ ಹೊರಗಿಟ್ಟು ಎರಡು ಸಲ ತಟ್ಟಿ ನೀನು ಹೋಗುತ್ತಿದ್ದೆ. ನೆಟ್‌ವರ್ಕ್ ಹಿತ್ತಲ ಕಿಟಕಿಯ ಹತ್ತಿರ ಮಾತ್ರ ಬರುತ್ತಿತ್ತು, ಮಂಚದ ಮೇಲೆ ನಿಂತುಕೊಂಡು ಕೆಮಿಸ್ಟ್ರಿ ಕ್ಲಾಸ್ ಕೇಳುತ್ತಿದ್ದೆ. ಬೆಳಿಗ್ಗೆ ಹತ್ತು ಗಂಟೆಯ ನಂತರ ರಸ್ತೆಯೆಲ್ಲ ಸತ್ತ ಹಾಗೆ, ಏರ್‌ಪೋರ್ಟ್ ರೋಡಿನ ಕಡೆಯಿಂದ ಆಂಬುಲೆನ್ಸ್ ಮಾತ್ರ. ನೀನು ಕೊತ್ತಂಬರಿ ಸೊಪ್ಪನ್ನೂ ಸೋಪಿನ ನೀರಿನಲ್ಲಿ ತೊಳೆದು, ಸಾರೆಲ್ಲ ಲೈಫ್‌ಬಾಯ್ ವಾಸನೆ ಎಂದು ತಾತ ಕೂಗಾಡಿದ್ದು ನನಗೆ ಅಲ್ಲಿಗೇ ಕೇಳಿಸಿತ್ತು.

ಹಜಾರದಿಂದ ಚೌಕಾಬಾರದ ಕವಡೆ ಬೀಳುವ ಶಬ್ದ ಬರುತ್ತಿತ್ತು, ಮೊದಲ ಎರಡು ದಿನ. ಅಜ್ಜಿ ಮತ್ತು ಆಕರ್ಷ್. ಅಜ್ಜಿ ಪ್ರತಿ ಸಲವೂ ಕವಡೆಯನ್ನು ಮುಷ್ಟಿಯಲ್ಲಿ ಹಿಡಿದು ಬಾಯಿಂದ ಊದಿ ಬಿಡುವುದು, ಅವನೂ ಅದೇ ಕವಡೆಯನ್ನು ಊದಿ ಬಿಡುವುದು. ‘ಕಳ್ಳ ನನ್ಮಗ್ನೆ, ನಾಕು ಬಿದ್ರೆ ಎಂಟು ಅಂತೀಯಾ’ ಎಂದು ಅಜ್ಜಿ ಬಯ್ಯುವುದು ಕೇಳಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ವಾರ ಮುಗಿದ ಮೇಲೆ ನಾನೂ ಸೇರಿಕೊಳ್ಳಬಹುದು ಎಂದು ಕಾಯುತ್ತಿದ್ದೆ.

ಮೂರನೇ ದಿನ ನನಗೆ ಜ್ವರ ಬಂತು. ಅದೇ ದಿನ ಅಜ್ಜಿ ಮಲಗಿದಳು ಎಂದು ನೀನು ಹೇಳಿದೆ.

ಟೆಸ್ಟ್ ಆಯಿತು, ಇಬ್ಬರಿಗೂ ಪಾಸಿಟಿವ್. ಆಶಾ ಕಾರ್ಯಕರ್ತೆ ಬಂದು ಗೇಟಿನ ಆಚೆ ನಿಂತು ಕೇಳಿದರು. ಹಿತ್ತಲ ಕಿಟಕಿಯಿಂದ ಸಂದಿಯ ಮೂಲಕ ನನಗೆ ಅವರ ಧ್ವನಿ ಚೆನ್ನಾಗಿ ಕೇಳಿಸುತ್ತಿತ್ತು. ‘ಮನೇಲಿ ಮೊದ್ಲು ಯಾರಿಗ್ ಬಂತು ಮೇಡಂ?’

ನೀನು ತಡ ಮಾಡಲಿಲ್ಲ. ‘ಮಗಳಿಗೆ. ಹಾಸ್ಟೆಲ್ ಇಂದ ಬಂದ್ಳು, ಅವಳಿಗೆ ಬಂತು, ಆಮೇಲೆ ನಮ್ಮತ್ತೆಗೆ’ ಎಂದೆ. ‘ಮತ್ತಿನ್ಯಾರಿಗಾದ್ರೂ ಜ್ವರ?’ ‘ಇಲ್ಲ, ಮಗ ಮೇಲೇ ಇರ್ತಾನೆ, ಕೆಳಗಡೆ ಬರೋದೇ ಇಲ್ಲ.’

ಎದುರು ಕಿಟಕಿಯಲ್ಲಿ ಕಾಶವ್ವ ಇದ್ದರು. ಅಲ್ಲಿಂದ ಮುಂದಿನದನ್ನು ನಾನು ಬರೆಯಬೇಕಾಗಿಲ್ಲ. ರಸ್ತೆಗೆಲ್ಲ ಗೊತ್ತಾಯಿತು, ದೊಡ್ಡಪ್ಪನಿಗೆ ಗೊತ್ತಾಯಿತು. ಅವರು ಫೋನಿನಲ್ಲಿ ಆಕರ್ಷನಿಗೆ ‘ಆ ಹುಡ್ಗಿ ತಂದು ಹಚ್ಬಿಟ್ಲಲ್ಲೋ, ಅಲ್ಲೇ ಎಲ್ಲಾದ್ರೂ ಇರಕ್ಕಾಗ್ತಿರ್ಲಿಲ್ವಾ’ ಎಂದದ್ದು ಸ್ಪೀಕರಿನಲ್ಲಿ ಇಡೀ ಮನೆಗೆ ಕೇಳಿಸಿತು. ನಾನು ಗೋಡೆಗೆ ಮುಖ ಮಾಡಿ ಮಲಗಿ ಒಂದೇ ಯೋಚನೆ ಮಾಡುತ್ತಿದ್ದೆ, ಯಾವ ಜಾಗದಲ್ಲಿ ತಪ್ಪಿದೆ? ಬಸ್ಸಿನ ಕಂಬಿ ಹಿಡಿದದ್ದಾ? ಅಜ್ಜಿ ಕೆನ್ನೆ ಸವರಿದಾಗ ನಾನು ಹಿಂದೆ ಸರಿಯಬೇಕಿತ್ತಾ? ಸರಿದಿದ್ದರೆ ಬದುಕುತ್ತಿದ್ದಳಾ?

ಆಕರ್ಷ್ ಬೆಡ್ ಹುಡುಕಿಕೊಂಡು ಯಲಹಂಕದಿಂದ ಯಶವಂತಪುರದವರೆಗೆ ಬೈಕಿನಲ್ಲಿ ಸುತ್ತಿದ. ಅದು ನಿಜ, ಅದನ್ನು ಇಲ್ಲ ಎನ್ನುವುದಿಲ್ಲ. ಹೆಬ್ಬಾಳದ ಆಚೆ ಎಲ್ಲೋ ಒಂದು ಸಿಕ್ಕಿತು. ಮೊಮ್ಮಗ ಎಂದರೆ ಹೀಗಿರಬೇಕು ಎಂದು ರಸ್ತೆಯವರೆಲ್ಲ ಅಂದರು. ಅಜ್ಜಿಯನ್ನು ಆಂಬುಲೆನ್ಸಿಗೆ ಹತ್ತಿಸುವಾಗ ನನ್ನ ರೂಮಿನ ಬಾಗಿಲು ಹೊರಗಿನಿಂದ ಹಾಕಿತ್ತು. ‘ಮಗೀಗ್ ಊಟ ಆಕಿದ್ಯಾ ವನಿತಾ?’ ಎಂದು ಅವಳು ನಿನ್ನನ್ನು ಕೇಳಿದ್ದು ಕೇಳಿಸಿತು. ನಾನು ಕೇಳಿದ ಅವಳ ಕೊನೆಯ ಮಾತು ನನ್ನ ಊಟದ್ದು. ಆಮೇಲೆ ಬಂದದ್ದು ಫೋನ್ ಮಾತ್ರ.

ನನಗೆ ವಾಸಿಯಾಯಿತು. ರೂಮಿನಿಂದ ಹೊರಗೆ ಬಂದ ದಿನ ತಾತ ಹಜಾರದಲ್ಲಿ ಗೋಡೆ ನೋಡುತ್ತಾ ಕೂತಿದ್ದರು. ನಾನು ಲೋಟದಲ್ಲಿ ನೀರು ತಂದು ಪಕ್ಕದಲ್ಲಿಟ್ಟೆ. ಅವರು ನನ್ನನ್ನು ನೋಡಲಿಲ್ಲ. ಒಳಗೆ ತಿರುಗಿ ನಿನಗೆ ಹೇಳಿದರು: ‘ವನಿತಾ, ಅದರ ಕೈಲಿ ನಂಗೆ ನೀರ್ ಬ್ಯಾಡ ಅಂತ ಏಳವ್ವ.’

ಅದು ಎಂದರು ಅಮ್ಮ. ನೀನು ಬಂದೆ, ಆ ಲೋಟ ಎತ್ತಿಕೊಂಡೆ, ಬೇರೆ ಲೋಟದಲ್ಲಿ ನೀರು ತಂದುಕೊಟ್ಟೆ.

ಆವತ್ತು ಮಧ್ಯಾಹ್ನ ನೀನು ಹಿತ್ತಲಲ್ಲಿ ನನ್ನನ್ನು ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿದೆ. ಹರಳೆಣ್ಣೆ ಬಿಸಿ ಮಾಡಿಕೊಂಡು ಬಂದಿದ್ದೆ. ನಾನು ಅಳುತ್ತಿದ್ದೆ. ನೀನು ನನ್ನ ನೆತ್ತಿ ತಟ್ಟುತ್ತಾ ‘ಬಿಡು ಕಂದಾ. ನೀನೇನು ಬೇಕು ಅಂತ ಮಾಡಿದ್ಯಾ? ನಾನಂತೂ ನಿನ್ ಮೇಲೆ ಏನೂ ಇಟ್ಕೊಂಡಿಲ್ಲ. ತಾತನೂ ಒಂದಿನ ಮರೀತಾರೆ’ ಎಂದೆ. ನಾನು ನಿನ್ನ ಮಡಿಲಲ್ಲಿ ತಲೆಯಿಟ್ಟೆ. ಈ ಪ್ರಪಂಚದಲ್ಲಿ ನನ್ನನ್ನು ಕ್ಷಮಿಸಿದವಳು ಇವಳೊಬ್ಬಳೇ ಎಂದುಕೊಂಡೆ. ಮತ್ತೆ ಹಾಸ್ಟೆಲಿಗೆ ಬರುವಾಗ ಆ ಎಣ್ಣೆಯ ಬಾಟಲಿಯನ್ನು ತಂದಿದ್ದೆ. ಹಚ್ಚಿಕೊಳ್ಳುತ್ತಿರಲಿಲ್ಲ, ಮುಚ್ಚಳ ತೆಗೆದು ವಾಸನೆ ನೋಡುತ್ತಿದ್ದೆ.

ಇಲ್ಲಿ ನಾನು ಹೇಗಿದ್ದೇನೆ ಎಂದು ಬರೆದಿರಲಿಲ್ಲ. ಈಗ ಬರೆಯುತ್ತೇನೆ. ಯಾರಾದರೂ ಕೆಮ್ಮಿದರೆ ಅವರಿಗಿಂತ ಮೊದಲು ನಾನು ರೂಮಿನಿಂದ ಆಚೆ ಹೋಗುತ್ತೇನೆ. ನನ್ನ ತಟ್ಟೆ, ಲೋಟ ಬೇರೆ. ಕೈ ತೊಳೆದು ತೊಳೆದು ಬೆರಳ ಸಂದಿಯಲ್ಲಿ ಚರ್ಮ ಎದ್ದಿದೆ. ಮೊದಲ ಇಂಟರ್ನಲ್ಸ್ ಬರೆದೆ ಎಂದು ಹೇಳಿದ್ದು ಸುಳ್ಳು. ಹಾಲ್ ಒಳಗೆ ಅಷ್ಟು ಜನ ಉಸಿರಾಡುತ್ತಿದ್ದರು, ಬಾಗಿಲವರೆಗೆ ಹೋಗಿ ವಾಪಸ್ ಬಂದೆ. ರೂಮ್‌ಮೇಟ್ ಸುಮೈರಾ ‘ಎಷ್ಟ್ ಯೋಚ್ನೆ ಮಾಡ್ತೀಯೇ, ನಿನ್ ತಲೆ ಬಾಡಿಗೆಗೆ ಕೊಟ್ರೂ ಯಾರೂ ಬರಲ್ಲ’ ಎಂದು ನಗಿಸಲು ನೋಡುತ್ತಾಳೆ. ಅವಳ ಬಿರಿಯಾನಿ ಡಬ್ಬಿಗೆ ನಾನು ಇವತ್ತಿಗೂ ಕೈ ಹಾಕಿಲ್ಲ, ಅವಳಿಗೆ ನನ್ನಿಂದ ಏನಾದರೂ ಆದರೆ?

ಆ ಸುಮೈರಾಗೆ ಜೂನ್‌ನಲ್ಲಿ ಕೊರೋನಾ ಬಂದು ಹೋಗಿದೆ. ಮೂಗು ಇನ್ನೂ ಸರಿಯಾಗಿಲ್ಲ. ಸೋಮವಾರ, ಅಂದರೆ ನಿನ್ನ ಫೋನ್ ಬಂದ ಮಾರನೇ ದಿನ, ಕೆಳಗೆ ಮೆಸ್ಸಿನಲ್ಲಿ ಒಗ್ಗರಣೆಗೆ ಇಟ್ಟ ಮೆಣಸಿನಕಾಯಿ ಸೀದುಹೋಯಿತು. ಮೇಲಿನ ಕಾರಿಡಾರಿಗೂ ವಾಸನೆ ಬಂದು ಹುಡುಗಿಯರೆಲ್ಲ ಅಯ್ಯಯ್ಯೋ ಎಂದು ಬಾಗಿಲು ಹಾಕಿಕೊಂಡರು. ಸುಮೈರಾ ಪುಸ್ತಕದಿಂದ ತಲೆಯೆತ್ತಿ ‘ಏನಾಯ್ತೇ? ಎಲ್ಲಾ ಯಾಕೆ ಓಡ್ತಿದ್ದಾರೆ?’ ಎಂದಳು.

ನನಗೆ ಆವತ್ತು ಆಕರ್ಷ್ ಕೇಳಿದ್ದು ನೆನಪಾಯಿತು. ‘ಅಜ್ಜೀ, ಮೆಣಸಿನಕಾಯಿ ಇನ್ನೂ ಹಾಕಿಲ್ವಾ?’

ತಕ್ಷಣ ಆಕರ್ಷನಿಗೆ ಫೋನ್ ಮಾಡಿದೆ. ನಾನು ಜಾಣೆಯ ಹಾಗೆ ಕೇಳಬೇಕೆಂದಿದ್ದೆ, ಆಗಲಿಲ್ಲ. ನೇರವಾಗಿ ‘ನಿನಗೆ ಯಾವಾಗ ಬಂದಿತ್ತು?’ ಎಂದೆ. ಅವನು ಮೊದಲು ‘ಏನೇ ಹುಚ್ಚುಚ್ಚಾಗಿ ಮಾತಾಡ್ತೀಯ’ ಎಂದ. ನಾನು ಮೆಣಸಿನಕಾಯಿಯ ಘಾಟಿನ ವಿಷಯ ತೆಗೆದೆ. ಆಮೇಲೆ ಎಲ್ಲಾ ಹೇಳಿದ. ಹಿಂದಿನ ವಾರ ಕೆಂಪಾಪುರದಲ್ಲಿ ಫ್ರೆಂಡ್ ಪುನೀತ್ ಮನೆಗೆ ಮ್ಯಾಚ್ ನೋಡಲು ಹೋಗಿದ್ದನಂತೆ, ನಿನಗೆ ಸ್ಯಾಲರಿ ಸ್ಲಿಪ್ಪಿನ ಪ್ರಿಂಟ್ ತೆಗೆಸಬೇಕು ಎಂದು ಹೇಳಿ. ನಾನು ಬರುವ ಆರು ದಿನ ಮುಂಚೆ ಅವನಿಗೆ ಜ್ವರ. ನೀನು ಸೆಕೆಗೆ ಬಂದ ಜ್ವರ ಎಂದು ಮಹಡಿಯಲ್ಲಿ ಮಲಗಿಸಿದೆಯಂತೆ, ಮಾತ್ರೆ ಕೊಟ್ಟೆಯಂತೆ. ಎರಡೇ ದಿನಕ್ಕೆ ಜ್ವರ ಬಿಟ್ಟಿತೆಂದು ಅವನು ಕೆಳಗೆ ಬಂದು ಕವಡೆ ಹಿಡಿದು ಕೂತ. ನಾನು ಬರುವ ಹಿಂದಿನ ದಿನವೇ ಅಜ್ಜಿ ಮೈಕೈ ನೋವು, ಚಳಿ ಎಂದಿದ್ದಳಂತೆ. ಅವಳಿಗೂ ನೀನು ಅದೇ ಮಾತ್ರೆ ಕೊಟ್ಟೆ.

ಆ ಶಾಲು ಅದಕ್ಕೆ. ಆ ಬಿಸಿ ಕೈ ಅದಕ್ಕೆ.

ನಾನು ಅಜ್ಜಿಗೆ ಕೊಡಲಿಲ್ಲ ಅಮ್ಮ. ಬಸ್ಸಿನಲ್ಲಿ ಹತ್ತಿತೋ, ಅಜ್ಜಿಯ ಕೈಯಿಂದಲೇ ನನಗೆ ಬಂತೋ ಗೊತ್ತಿಲ್ಲ. ನನ್ನ ದೃಷ್ಟಿ ತೆಗೆಯಲು ಜ್ವರದಲ್ಲಿ ಎದ್ದುಬಂದಳು, ಅಷ್ಟು ಗೊತ್ತು.

ಯಾಕೆ ಹೇಳಲಿಲ್ಲ ಎಂದು ಆಕರ್ಷನನ್ನು ಕೇಳಿದೆ. ಅವನು ಅಳುತ್ತಿದ್ದ. ‘ಹೇಳ್ತೀನಿ ಅಂತಾನೇ ಇದ್ದೆ ಕಣೇ, ಅಮ್ಮ ಬಿಡ್ಲಿಲ್ಲ. ನೀನು ಇಲ್ಲೇ ಇರೋನು, ದಿನಾ ತಾತನ ಮುಖ ನೋಡ್ಬೇಕು, ನಿಮ್ ದೊಡ್ಡಪ್ಪ ನಮ್ಮನ್ನ ಈ ಮನೇಲಿ ಇರಕ್ಕೇ ಬಿಡಲ್ಲ. ಅವಳು ಹೆಂಗಿದ್ರೂ ಹಾಸ್ಟೆಲ್ ಹುಡ್ಗಿ, ಹೊರಟೋಗ್ತಾಳೆ, ಎರಡ್ ದಿನ ಅಂದು ಎಲ್ಲಾ ಮರೀತಾರೆ ಅಂದ್ರು’ ಎಂದ.

ಹೆಂಗಿದ್ರೂ ಹಾಸ್ಟೆಲ್ ಹುಡ್ಗಿ.

ನೀನು ಹೆದರಿದ್ದ ಕಾರಣ ನನಗೆ ಅರ್ಥವಾಗುತ್ತದೆ, ಅದೇ ದರಿದ್ರ. ಅಪ್ಪ ತೀರಿಕೊಂಡ ವರ್ಷ ದೊಡ್ಡಪ್ಪ ಮನೆಗೆ ಬಂದು ಏನೇನೋ ಕೂಗಾಡಿದ್ದು ನನಗೂ ನೆನಪಿದೆ. ತಾತ ಅಜ್ಜಿ ಅಡ್ಡ ನಿಂತು ಸೊಸೆ ಇಲ್ಲೇ ಇರುತ್ತಾಳೆ ಎಂದರು. ಆ ಜೂನ್‌ನಲ್ಲಿ ನೀನು ನನ್ನ ಟ್ರಂಕ್ ತುಂಬಿಸಿದೆ. ಮನೆಯಲ್ಲಿ ಒಬ್ಬರನ್ನು ಇಟ್ಟುಕೊಳ್ಳಬಹುದು, ಒಬ್ಬರನ್ನು ಕಳಿಸಬೇಕು ಎಂದಾಗ ನೀನು ಎರಡು ಸಲ ಯೋಚಿಸಲಿಲ್ಲ. ಆಗ ನನಗೆ ಒಂಬತ್ತು ವರ್ಷ, ಒಳ್ಳೆ ಸ್ಕೂಲು ಎಂದು ನಂಬಿದೆ. ಆಶಾ ಕಾರ್ಯಕರ್ತೆ ಕೇಳಿದಾಗಲೂ ನೀನು ಯೋಚಿಸಲಿಲ್ಲ. ಕಳಿಸಿ ಅಭ್ಯಾಸವಾಗಿತ್ತು.

ಆದರೂ ಇದೆಲ್ಲ ಹೇಗೋ ನುಂಗಬಹುದು. ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿದೆ, ಆಮೇಲೆ ಹಿಂದೆ ತೆಗೆದುಕೊಳ್ಳಲು ಧೈರ್ಯ ಬರಲಿಲ್ಲ ಎಂದಿಟ್ಟುಕೊಳ್ಳುತ್ತೇನೆ. ಆ ಎಣ್ಣೆಯನ್ನು ಮಾತ್ರ ನುಂಗಲು ಆಗುತ್ತಿಲ್ಲ. ನಾನು ಮಾಡಿಲ್ಲ ಎಂದು ಗೊತ್ತಿದ್ದೂ ನನ್ನನ್ನು ಕೂರಿಸಿಕೊಂಡು, ತಲೆ ಸವರಿ, ಕ್ಷಮಿಸಿದೆಯಲ್ಲ. ಕೈ ಹೇಗೆ ಬಂತಮ್ಮ? ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನು ನಿನ್ನ ಮಡಿಲಲ್ಲಿ ‘ಸಾರಿ ಅಮ್ಮ, ಸಾರಿ ಅಮ್ಮ’ ಎನ್ನುತ್ತಿದ್ದೆ. ನೀನು ‘ಇರ್ಲಿ ಬಿಡು’ ಎನ್ನುತ್ತಿದ್ದೆ.

ಎಣ್ಣೆಯ ಬಾಟಲಿಯನ್ನು ಸೋಮವಾರವೇ ಸಿಂಕಿಗೆ ಸುರಿದೆ. ವಾಸನೆ ಇನ್ನೂ ಹೋಗಿಲ್ಲ, ಹುಡುಗಿಯರು ಬಯ್ಯುತ್ತಿದ್ದಾರೆ.

ನಾನು ಹೆಚ್ಚೇನೂ ಕೇಳುತ್ತಿಲ್ಲ. ಕಾಶವ್ವನಿಗೆ ಹೇಳಬೇಡ, ರಸ್ತೆಯವರಿಗೆ ಬೇಡ, ದೊಡ್ಡಪ್ಪ ಮುನಿಯಲ್ಲಪ್ಪನವರು ಏನು ಬೇಕಾದರೂ ಅಂದುಕೊಳ್ಳಲಿ. ತಾತನಿಗೆ ಒಬ್ಬರಿಗೆ ಹೇಳು. ಆ ಬುಧವಾರ ಎಡೆ ಇಡುವ ಮೊದಲು, ನಿನ್ನ ಬಾಯಿಂದ. ಅವರು ನನ್ನ ಕೈಯಿಂದ ನೀರು ಕುಡಿಯಬೇಕು. ಅಷ್ಟೇ ನನಗೆ ಬೇಕಾಗಿರುವುದು. ಹೇಳಿದರೆ ನಾನು ಬರುತ್ತೇನೆ, ನಾನೇ ಮುದ್ದೆ ತೊಳಸಿ ಅಜ್ಜಿಯ ಎಲೆಗೆ ಇಡುತ್ತೇನೆ, ನಶ್ಯದ ಡಬ್ಬಿಯನ್ನೂ ಇಡುತ್ತೇನೆ. ಹೇಳದಿದ್ದರೆ ಮಹಡಿಯ ಮೇಲೆ ಕದ್ದು ಕೂರಲು ಮಾತ್ರ ಬರುವುದಿಲ್ಲ. ನಿನಗೆ ಬಿಟ್ಟದ್ದು.

ನಿನ್ನ ಕೈಗೆ ಕೊತ್ತಂಬರಿ ಸೊಪ್ಪು, ಸೋಪು ಎರಡೂ ಒಟ್ಟಿಗೆ ಸಿಗದಿರಲಿ ಎಂದು ಹಾರೈಸುತ್ತಾ,

ನೀನು ಕಳಿಸಿದಲ್ಲೆಲ್ಲ ಹೋದ ಮಗಳು,
ಶರ್ವಾಣಿ

ಕಾಗದ ಮಡಿಸುವಾಗ ಸೇರಿಸಿದ್ದು:

ಮೇಲೆ ‘ನಿನಗೆ ಬಿಟ್ಟದ್ದು’ ಎಂದು ಬರೆದಿದ್ದೇನೆ. ಬರೆಯುವಾಗ ಅದು ನಿಜವೇ ಆಗಿತ್ತು. ಆಮೇಲೆ ಕವರಿನ ಮೇಲೆ ನಿನ್ನ ಹೆಸರು ಬರೆಯಲು ಹೊರಟೆ. ನಿನ್ನ ಹೆಸರಿದ್ದರೆ ತಾತ ಒಡೆಯುವುದಿಲ್ಲ, ನಿನ್ನ ಕೈಗೆ ಕೊಡುತ್ತಾರೆ. ನೀನು ಓದುತ್ತೀಯ, ಖಂಡಿತ ಅಳುತ್ತೀಯ, ಆಮೇಲೆ ಬಚ್ಚಲ ಒಲೆ ಹತ್ತಿರದಲ್ಲೇ ಇದೆ. ಅದಕ್ಕೆ ಕವರಿನ ಮೇಲೆ ತಾತನ ಹೆಸರು, ‘ಶ್ರೀ ಆವಲಪ್ಪನವರಿಗೆ’ ಎಂದಿದೆ. ನನ್ನ ಅಕ್ಷರ ಕಂಡರೆ ಮುಟ್ಟುವರೋ ಇಲ್ಲವೋ ಎಂದು ಸುಮೈರಾ ಕೈಯಲ್ಲಿ ಬರೆಸಿದೆ. ಒಳಗೆ ಅಮ್ಮನಿಗೆ ಎಂದಿದ್ದರೂ, ನನ್ನ ಹೆಸರು ಬಂದರೂ, ಶುರು ಮಾಡಿದ ಮೇಲೆ ಅವರು ನಿಲ್ಲಿಸುವುದಿಲ್ಲ. ಹಾಗಾಗಿ ಅಮ್ಮ, ಇದನ್ನು ನೀನು ಓದಲಿಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ.

ತಾತ, ಕನ್ನಡಕ ತೆಗೆಯಬೇಡಿ, ಇನ್ನು ಸ್ವಲ್ಪವೇ ಇದೆ. ಮೇ ತಿಂಗಳಿಂದ ನೀವು ನನ್ನ ಹತ್ತಿರ ಒಂದು ಮಾತೂ ಆಡಿಲ್ಲ. ಇವತ್ತು ಇಷ್ಟು ಹೊತ್ತು ನನ್ನ ಮಾತನ್ನೇ ಆಡಿದಿರಿ. ಅಮಾವಾಸ್ಯೆಯ ಹಿಂದಿನ ದಿನ, ಮಂಗಳವಾರ ಸಾಯಂಕಾಲ ಬರುತ್ತೇನೆ. ಗೇಟಿನ ಆಚೆಯೇ ನಿಂತಿರುತ್ತೇನೆ. ಚಿಲಕ ಅಮ್ಮ ತೆಗೆಯುವುದು ಬೇಡ, ನೀವೇ ಎದ್ದು ಬನ್ನಿ. ಬಾಯಾರಿರುತ್ತದೆ, ನನಗೊಂದು ಲೋಟ ನೀರು ತನ್ನಿ.